ನಡುವಿನ ಜಾಗ

ತೊಕಿಯೆ ಬುತ್ತಿ ಕಟ್ಟಿದ್ದು ಎರಡೇ. ಅನ್ನದ ಉಂಡೆಗಳನ್ನು ಎರಡು ಡಬ್ಬಿಗಳಲ್ಲಿ ಜೋಡಿಸಿ, ಬಟ್ಟೆಯಲ್ಲಿ ಗಂಟು ಬಿಗಿದು, ಸೊಸೆ ಚಿಹಾರುವಿನ ಮುಖವನ್ನೂ ನೋಡದೆ, "ನಾನೂ ಮಗೂನೂ ಫುಜಿ ಬಳ್ಳಿ ಹೂ ನೋಡ್ಕೊಂಡು ಬರ್ತೀವಿ. ನೀನು ಮನೆ ಕಡೆ ನೋಡ್ಕೋ" ಎಂದಳು. ಚಿಹಾರು ತಟ್ಟೆ ಒರೆಸುತ್ತ ನಿಂತಳು. ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದ ಆರು ವರ್ಷದ ಮೊಮ್ಮಗಳು ನಾತ್ಸುಮೆ ಮಾತ್ರ ಹಾಕಿದ್ದ ಬೂಟನ್ನು ಮತ್ತೆ ಕಿತ್ತುಹಾಕಿದಳು. "ಅಮ್ಮ ಬರದಿದ್ರೆ ನನಗೆ ಹೂವೂ ಬೇಡ, ಏನೂ ಬೇಡ." ಇಡೀ ಬೀದಿಯನ್ನೇ ಗದರಿಸಿ ಕೂರಿಸುವ ತೊಕಿಯೆಗೆ ಈ ಒಂದು ಜೀವದ ಮುಂದೆ ಮಾತ್ರ ನಾಲಗೆ ಏಳುತ್ತಿರಲಿಲ್ಲ. ಹೀಗಾಗಿ ಮೂವರೂ ರೈಲು ಹತ್ತಿದರು.

ಫುಜಿ ಹೂವಿನ ಆ ಉದ್ಯಾನಕ್ಕೆ ಅತ್ತೆ ಸೊಸೆ ಎರಡು ವಸಂತದ ಹಿಂದೆಯೂ ಹೋಗಿದ್ದರು. ಆಗ ತೊಕಿಯೆಯ ಮಗ ಯಾಸುಹಿರೊ ಬದುಕಿದ್ದ. ಕೆಲಸಕ್ಕೆ ರಜೆ ಹಾಕಿ, ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದ. ದೊಡ್ಡ ಚಪ್ಪರದ ಕೆಳಗೆ ಉದ್ಯಾನದ ಫೋಟೋದವನು ಮೂವರನ್ನೂ ಸಾಲಾಗಿ ನಿಲ್ಲಿಸಿ ತೆಗೆದ. ನಡುವೆ ಯಾಸುಹಿರೊ. ಮೂವರು ನಿಂತ ಫೋಟೋದಲ್ಲಿ ನಡುವಿನವರು ಮೊದಲು ಸಾಯುತ್ತಾರೆಂದು ತೊಕಿಯೆಯ ಓರಗೆಯವರೆಲ್ಲ ನಂಬುತ್ತಾರೆ, ಕಿರಿಯರು ಕೇಳಿ ನಕ್ಕುಬಿಡುತ್ತಾರೆ. ಆ ಚಳಿಗಾಲದಲ್ಲಿ ಯಾಸುಹಿರೊ ಕೆಲಸದ ಜಾಗದಲ್ಲೇ ಕುಸಿದವನು ಮೇಲೇಳಲಿಲ್ಲ. ತಲೆಯಲ್ಲಿ ನರ ಒಡೆದಿದೆ ಎಂದರು ವೈದ್ಯರು. ವೈದ್ಯರ ಮಾತು ತೊಕಿಯೆಗೆ ಬೇಕಾಗಿರಲಿಲ್ಲ. ಮಗನ ಹೆಸರಲ್ಲಿ ಊದುಬತ್ತಿ ಹಚ್ಚಲು ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ: "ಇಲ್ಲಿ ಬನ್ನಿ, ನನ್ನ ಪಕ್ಕಕ್ಕೆ ಬನ್ನಿ ಅಂತ ನಡುವೆ ಎಳ್ಕೊಂಡೋಳು ಇವಳೇ." ಚಿಹಾರು ಎದುರಾಡಲಿಲ್ಲ. ಏಕೆಂದರೆ ಹಾಗೆ ಕರೆದದ್ದು ನಿಜ! ಗಂಡನನ್ನು ಪಕ್ಕಕ್ಕೆ ಕರೆದ ಆ ಒಂದು ಮಾತು ಅವಳನ್ನು ರಾತ್ರಿಗಳಲ್ಲಿ ಕೊರೆಯುತ್ತಿತ್ತು...

ಅತ್ತೆಯ ಮಾತು ತನ್ನ ಕಿವಿಗೆ ಮಾತ್ರ ಬಿದ್ದಿದ್ದರೆ ಅವಳು ಇನ್ನೂ ನುಂಗಿಕೊಂಡಿರುತ್ತಿದ್ದಳೋ ಏನೋ. ಆದರೆ ಹೋದ ವಾರ ಸ್ನಾನದ ತೊಟ್ಟಿಯಲ್ಲಿ ಕೂತು ನಾತ್ಸುಮೆ ಕೇಳಿದ್ದಳು, "ಅಮ್ಮ, ನೀನು ಅಪ್ಪನ್ನ ಯಾಕೆ ನಡುವೆ ನಿಲ್ಲಿಸ್ದೆ?" ಚಿಹಾರು ಮರುದಿನವೇ ತವರಿಗೆ ಫೋನ್ ಮಾಡಿ, ತಿಂಗಳ ಕೊನೆಗೆ ಮಗುವನ್ನು ಕರೆದುಕೊಂಡು ಬಂದುಬಿಡುತ್ತೇನೆ ಎಂದಳು. ಅವಳ ತಾಯಿ ಮಹಡಿಯ ಕೋಣೆ ಖಾಲಿ ಮಾಡತೊಡಗಿದ್ದಳು. ಅತ್ತೆಗೆ ಹೇಳುವುದೊಂದು ಬಾಕಿ. ಮನೆಯಲ್ಲಿ ಹೇಳಿದರೆ ರಂಪವಾಗುತ್ತದೆ, ಗುರುತಿಲ್ಲದ ಜನರ ನಡುವೆ ಅತ್ತೆ ದನಿ ಎತ್ತುವವಳಲ್ಲ. ಇವತ್ತೇ, ಉದ್ಯಾನದಲ್ಲೇ ಹೇಳಿಬಿಡುವುದೆಂದು ಅವಳು ರೈಲಿನಲ್ಲಿ ಕೂತು ತೀರ್ಮಾನಿಸಿದಳು.

ಉದ್ಯಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸಿನಲ್ಲಿ ಬಂದ ಮುದುಕ ಮುದುಕಿಯರು ಬಾವುಟ ಹಿಡಿದ ಗೈಡ್ ಹಿಂದೆ ಸಾಲುಗಟ್ಟಿ ಹೊರಟಿದ್ದರು. ಚಪ್ಪರದ ತುಂಬ ಫುಜಿ ಹೂವಿನ ನೇರಳೆ ಗೊಂಚಲುಗಳು ತಲೆಗೆ ತಾಗುವಷ್ಟು ಇಳಿಬಿದ್ದಿದ್ದವು. ಅದೇ ಫೋಟೋದವನು, ಮರದ ಪೀಠದ ಮೇಲೆ ನಿಂತು ಕೈ ಬೀಸಿ ಕರೆಯುತ್ತಿದ್ದ. "ಬನ್ನಿ ಬನ್ನಿ. ಅಜ್ಜಿ ಆ ಕಡೆ, ಅಮ್ಮ ಈ ಕಡೆ. ಪುಟ್ಟಿ, ನೀನು ನಡುವೆ ನಿಂತ್ಕೋ."

ನಾತ್ಸುಮೆ ಓಡಿಹೋಗಿ ನಿಂತೇಬಿಟ್ಟಳು. ತೊಕಿಯೆ ಅವಳ ತೋಳು ಹಿಡಿದು ಎಳೆದ ರಭಸಕ್ಕೆ ಮಗು ಮುಗ್ಗರಿಸಿ ಅಳತೊಡಗಿತು. ಸುತ್ತಲಿನವರು ನೋಡಿಯೂ ನೋಡದವರಂತೆ ಹೂವಿನ ಕಡೆ ತಿರುಗಿದರು.

ಚಿಹಾರು ಮಗುವನ್ನು ಎತ್ತಿಕೊಂಡಳು. ಅವಳ ದನಿ ಏರಲಿಲ್ಲ. "ಸಾಕು ಅತ್ತೆ. ನಾನೇ ಕರೆದೆ, ನಾನೇ ನಿಲ್ಲಿಸ್ದೆ, ನನ್ನಿಂದಲೇ ಅವರು ಹೋದ್ರು. ನೀವು ಹೇಳಿದ್ದನ್ನೆಲ್ಲ ಒಪ್ಕೊಂಡಿದ್ದೀನಿ. ಆದ್ರೆ ಇದನ್ನ ಈ ಮಗು ತಲೇಲಿ ತುಂಬಬೇಡಿ. ತಿಂಗಳ ಕೊನೆಗೆ ನಾವಿಬ್ರೂ ತವರಿಗೆ ಹೋಗ್ತಿದ್ದೀವಿ."

ತೊಕಿಯೆ ಅಳುತ್ತಿರುವ ಮೊಮ್ಮಗಳನ್ನು ನೋಡುತ್ತ, "ಅವತ್ತು ಫೋಟೋದವನು ನಡುವೆ ಯಾರನ್ನ ನಿಲ್ಲಿಸೋಕೆ ಹೊರಟಿದ್ದ, ನೆನಪಿದ್ಯಾ ನಿನಗೆ?" ಎಂದಳು.

"ಇಲ್ಲ. ಎಲ್ಲಿ ನೆನಪಿರುತ್ತೆ?"

"ನನ್ನನ್ನ. ಹಿರಿಯರು ನಡುವೆ ಇರ್ಲಿ ಅಂದ. ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ನಾನು ಪಕ್ಕಕ್ಕೆ ಸರಿದೆ." ಅವಳು ತಲೆಯೆತ್ತಿ ಗೊಂಚಲುಗಳ ಕಡೆ ನೋಡಿದಳು. "ಈ ಚಪ್ಪರದಡಿ ಎಲ್ಲಿದೆ ಬಿಸಿಲು, ಹೇಳು? ನನಗೆ ಭಯ ಆಯ್ತು ಚಿಹಾರು. ಎಪ್ಪತ್ತು ದಾಟಿದ ಮುದುಕಿಗೆ ಸಾಯೋ ಭಯ... ನಾನು ಸರಿದ ಜಾಗಕ್ಕೆ ನೀನು ಅವನನ್ನ ಕರೆದೆ. ನಿನಗೇನೂ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಮಗನ್ನ ಅಲ್ಲಿ ನಿಲ್ಲೋಕೆ ಬಿಟ್ಟೆ."

ಇಷ್ಟು ದಿನ ಎದೆಯ ಮೇಲೆ ಹೊತ್ತಿದ್ದ ಕಲ್ಲು ತನ್ನದಲ್ಲವೆಂದು ತಿಳಿದಾಗ ಚಿಹಾರುವಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಅತ್ತೆಯ ತೋಳು ಹಿಡಿದು ಅಲುಗಿಸಬೇಕು ಎನ್ನುವಷ್ಟು! ಆದರೆ ಎದುರಿಗೆ ನಿಂತಿದ್ದ ಮುದುಕಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವುದೂ ಅವಳಿಗೆ ನೆನಪಿರಲಿಲ್ಲ. ಗಂಡನ ಶವದ ಮುಂದೆಯೂ, ಮಗನ ಶವದ ಮುಂದೆಯೂ ಬೆನ್ನು ನೆಟ್ಟಗಿಟ್ಟುಕೊಂಡು ಕೂತಿದ್ದ ಹೆಂಗಸು ಅವಳು.

ತೊಕಿಯೆ ನಡೆದುಹೋಗಿ, ಮಗು ನಿಂತಿದ್ದ ಜಾಗದಲ್ಲಿ ನಿಂತಳು. "ಬನ್ನಿ, ಆಚೆ ಈಚೆ ನಿಂತ್ಕೊಳ್ಳಿ. ಫೋಟೋದವನು ಕಾಯ್ತಿದ್ದಾನೆ."

"ಬೇಡ ಅತ್ತೆ. ಇನ್ಯಾರನ್ನಾದ್ರೂ ಜೊತೆಗೆ ಕರೆಯೋಣ. ನಾಲ್ಕು ಜನ ಆದ್ರೆ ಆಯ್ತಲ್ಲ."

"ಯಾರೂ ಬೇಡ. ಇದು ನನ್ನ ಜಾಗ. ಅವತ್ತೂ ನನ್ನದೇ ಆಗಿತ್ತು."

ಚಿಹಾರು ಮಗುವನ್ನು ಇಳಿಸಿದಳು. ನಾತ್ಸುಮೆ ಅಳು ನಿಲ್ಲಿಸಿ ಅಜ್ಜಿಯ ಒಂದು ಕೈ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಚಿಹಾರು ಹಿಡಿದಳು. ಮದುವೆಯಾಗಿ ಬಂದಮೇಲೆ ಅತ್ತೆಯ ಕೈ ಹಿಡಿದದ್ದು ಅದೇ ಮೊದಲು. ಅದು ತಣ್ಣಗಿತ್ತು. ಫೋಟೋದವನು ನಗಿ ಎಂದ. ಯಾರೂ ನಗಲಿಲ್ಲ, ಅವನು ತೆಗೆದ.

ಆಮೇಲೆ ಅಜ್ಜಿ ಮೊಮ್ಮಗಳು ಐಸ್ಕ್ರೀಮಿನ ಸಾಲಿನಲ್ಲಿ ನಿಂತರು. ನೇರಳೆ ಬಣ್ಣದ್ದೇ ಬೇಕೆಂದು ಒಬ್ಬಳು, ಗಂಟಲು ಕಟ್ಟುತ್ತೆ ಬೇಡವೆಂದು ಇನ್ನೊಬ್ಬಳು. ಚಿಹಾರು ದೂರದ ಬೆಂಚಿನ ಮೇಲೆ ಕೂತು, ಅವರ ಜಗಳ ನೋಡುತ್ತ, ತವರಿಗೆ ಫೋನ್ ಮಾಡಿದಳು.

"ಕೋಣೆ ಖಾಲಿ ಆಯ್ತಾ ಅಮ್ಮ?"

"ಆಗ್ತಾ ಬಂತು. ಹಳೇ ಕಪಾಟೊಂದು ಇಳಿಸ್ಬೇಕು, ನಿನ್ನಪ್ಪನಿಗೆ ಸೊಂಟ ನೋವು. ಯಾವತ್ತು ಬರ್ತೀರಿ?"

"ಕಪಾಟು ಇಳಿಸೋದು ಬೇಡ, ಅಪ್ಪನಿಗೆ ಹೇಳು. ಬೇಸಿಗೆ ರಜೆಗೆ ಬರ್ತೀವಿ. ನಾಲ್ಕು ದಿನ ಇದ್ದು ಹೋಗ್ತೀವಿ."

"ಹಾಸಿಗೆ ಇಬ್ರಿಗೆ ತಾನೇ?"

"ಇಲ್ಲಮ್ಮ," ಎಂದಳು ಚಿಹಾರು, "ಮೂವರಿಗೆ."