ಎರಡು ಸಲ ಒತ್ತಿದ ಬಟನ್

ಅವನನ್ನು ನಾನು ಮೊದಲು ಬೈದೆ, ಮುಖ ನೋಡಿದ್ದು ಆಮೇಲೆ. ಅದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಪ್ರಕೃತಿ, ಚಿತ್ರದುರ್ಗದವಳು. ಕೊಯಮತ್ತೂರಿನ ಸರವಣಂಪಟ್ಟಿಯಲ್ಲಿ ಒಂದು ಸಣ್ಣ ಕಂಪನಿಯ ಪ್ರೋಗ್ರಾಮರ್. ನೂಲಿನ ಗೋದಾಮುಗಳಿಗೆ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಮೂಟೆ ಬಂದಾಗ ಅಲ್ಲಿನವರು ಪರದೆಯ ಮೇಲಿನ ಬಟನ್ ಒತ್ತುತ್ತಾರೆ, ನಂಬರ್ ಇರುವ ಲೇಬಲ್ ಒಂದು ಹೊರಗೆ ಬರುತ್ತದೆ, ಅದನ್ನು ಮೂಟೆಗೆ ಅಂಟಿಸುತ್ತಾರೆ. ಆ ಬಟನ್ ನನ್ನ ಕೈಕೆಲಸ.

ತಿರುಪ್ಪೂರಿನ ಹತ್ತಿರ ಪಲ್ಲಡಂನಲ್ಲಿ ಬನಿಯನ್ ಬಟ್ಟೆ ಹೆಣೆಯುವ ಒಂದು ಯೂನಿಟ್ ನಮ್ಮ ಗಿರಾಕಿ. ಅಲ್ಲಿ ಸ್ಟೋರ್ ನೋಡಿಕೊಳ್ಳುವ ಸರವಣಕುಮಾರ್ ಎಂಬಾತ ಒಂದೇ ದೂರನ್ನು ಮತ್ತೆ ಮತ್ತೆ ಟಿಕೆಟ್ ಮಾಡಿ ಕಳಿಸುತ್ತಿದ್ದ: ಲೇಬಲ್ ಎರಡೆರಡು ಬರುತ್ತಿದೆ. ನಾನು ನನ್ನ ಕಂಪ್ಯೂಟರಿನಲ್ಲಿ ಒತ್ತಿ ನೋಡುತ್ತಿದ್ದೆ. ಒಂದೇ ಬರುತ್ತಿತ್ತು. 'ಇಲ್ಲಿ ಸರಿಯಾಗಿದೆ' ಎಂದು ಬರೆದು ಟಿಕೆಟ್ ಮುಚ್ಚುತ್ತಿದ್ದೆ. ಹಾಗೆ ನಾಲ್ಕು ಸಲ ಮುಚ್ಚಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಕ್ಕದ ಸೀಟಿನ ವಿಶ್ವಾಸ್ ಮೈಸೂರಿನವನು. ಅವನನ್ನು ನಗಿಸಲು ನಾನು ಟಿಕೆಟ್ಟಿನ ಕೆಳಗೆ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಹಾಕಿ, ಎರಡು ಮಾತು ಸೇರಿಸುತ್ತಿದ್ದೆ. ಅದು ಗಿರಾಕಿಗೂ ಕಾಣುತ್ತದೆಂದು ಗೊತ್ತಿತ್ತು. ಪಲ್ಲಡಂನಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ನಾಲ್ಕನೆಯ ಸಲ ಬರೆದದ್ದು ಇದು: 'ಈ ಮನುಷ್ಯನಿಗೆ ಒಂದು ಬಟನ್ ನೆಟ್ಟಗೆ ಒತ್ತೋಕೆ ಬರಲ್ಲ. ಇವನನ್ನ ಕಟ್ಟಿಕೊಂಡವಳ ಗತಿ ಏನೋ.'

ಐದನೆಯ ಟಿಕೆಟ್ ಬಂದದ್ದು ಅಲ್ಲಿನ ಮ್ಯಾನೇಜರ್ ಗೋಪಾಲಸಾಮಿಯವರಿಂದ. ಹೆಚ್ಚಿಗೆ ಬಂದ ಲೇಬಲ್ ಬೇರೆ ಮೂಟೆಗೆ ಅಂಟಿತ್ತು. ಎರಡು ಬಗೆಯ ನೂಲು ಒಂದೇ ಬಟ್ಟೆಯಲ್ಲಿ ಸೇರಿ, ಬಣ್ಣ ಹಾಕಿದ ಮೇಲೆ ಉದ್ದಕ್ಕೂ ಪಟ್ಟೆ ಎದ್ದಿತ್ತು. ತಪ್ಪು ನಮ್ಮ ಸರವಣಕುಮಾರನದೇ ಆದರೆ ಹೇಳಿ, ಅವನನ್ನು ಸ್ಟೋರ್‌ನಿಂದ ತೆಗೆಯುತ್ತೇವೆ ಎಂದು ಬರೆದಿದ್ದರು.

"ಹೋಗಿ ನೋಡಿ ಬಾ," ಎಂದರು ನಮ್ಮ ಲೀಡ್ ಶೋಭನಾ ಮೇಡಂ. "ತಪ್ಪು ನಮ್ಮದು ಅಂತ ಮಾತ್ರ ಅಲ್ಲಿ ಬಾಯಿ ಬಿಡಬೇಡ."

ಬಸ್ಸಿನಲ್ಲಿ ಕೂತು ಅವನನ್ನು ಕಲ್ಪಿಸಿಕೊಂಡೆ. ದಪ್ಪ ಹೊಟ್ಟೆ, ನಿದ್ದೆಗಣ್ಣು, ಕೈಯಲ್ಲಿ ಸದಾ ಫೋನು. ಸ್ಟೋರ್ ಬಾಗಿಲಿನಲ್ಲಿ "ವಾಂಗ ಮೇಡಂ" ಎಂದವನು ಹಾಗಿರಲಿಲ್ಲ. ಎತ್ತರದ ಆಳು, ತೆಳ್ಳನೆಯ ಮುಖ. ತಲೆಯ ಮೇಲೆ ಹತ್ತಿಯ ನವಿರು ಕೂತಿತ್ತು, ಕಣ್ಣಿನ ರೆಪ್ಪೆಯ ಮೇಲೂ ಒಂದು ಎಳೆ. ಅವನು ರೆಪ್ಪೆ ಬಡಿದಾಗಲೆಲ್ಲ ಅದು ಅಲುಗುತ್ತಿತ್ತು. ಅದನ್ನೇ ನೋಡುತ್ತ ನಿಂತು, ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ನಾಲ್ಕು ತಮಿಳು ವಾಕ್ಯಗಳನ್ನೂ ಮರೆತೆ.

ಅವನು ಟೀ ತರಿಸಿದ. ಕಂಪ್ಯೂಟರಿನ ಮುಂದಿನ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೊಟ್ಟ.

"ನೀಂಗಳೇ ಅಮುಕ್ಕುಂಗ ಮೇಡಂ," ಎಂದ, ಬಟನ್ ತೋರಿಸಿ.

ಒತ್ತಿದೆ. ಏನೂ ಆಗಲಿಲ್ಲ. ಸುತ್ತಲೂ ಕಬ್ಬಿಣದ ರ‍್ಯಾಕುಗಳು, ನೆಟ್‌ವರ್ಕ್ ತೆವಳುತ್ತಿತ್ತು. ಒತ್ತಿದ್ದು ತಲುಪಿತೋ ಇಲ್ಲವೋ ಎಂದು ಹೇಳಲು ಆ ಪರದೆಯಲ್ಲಿ ಒಂದು ಗುರುತೂ ಇರಲಿಲ್ಲ, ಏಕೆಂದರೆ ನಾನು ಇಟ್ಟಿರಲಿಲ್ಲ. ನನ್ನ ಬೆರಳು ತಾನಾಗಿ ಇನ್ನೊಮ್ಮೆ ಒತ್ತಿತು.

ಪ್ರಿಂಟರ್ ಕರಕರ ಎಂದು ಎರಡು ಲೇಬಲ್ ಹೊರಹಾಕಿತು. ಎರಡರ ಮೇಲೂ ಒಂದೇ ನಂಬರ್.

ಅವನು ನಗಲಿಲ್ಲ. ನನ್ನ ಮುಖ ನೋಡಬಾರದೆಂದೇ ಆ ಕಡೆ ತಿರುಗಿ, ಸರಿಯಾಗೇ ಇದ್ದ ಪೇಪರ್ ರೋಲನ್ನು ತೆಗೆದು ಮತ್ತೆ ಹಾಕಿದ. ನಕ್ಕಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು.

"ಅಮ್ಮಾ, ವೇಲೇಲಿ ಇದ್ದೀನಿ. ಅಪ್ಪುರಂ ಮಾತಾಡ್ತೀನಿ. ಹೂಂ, ಬಂದವ್ರೆ. ಇಲ್ಲೇ ಅವ್ರೆ."

ತಮಿಳು ಬೆರೆತಿತ್ತು, ಆದರೂ ಅದು ಕನ್ನಡ. ಟೀ ಲೋಟ ನನ್ನ ಕೈಯಲ್ಲೇ ನಿಂತಿತು. ಕಾಲಡಿಯ ನೆಲ ಬಾಯ್ಬಿಟ್ಟರೆ ಸಾಕು ಅನ್ನಿಸಿತು.

"ನಿಮಗೆ ಕನ್ನಡ ಬರುತ್ತಾ?"

"ಮನೇಲಿ ಕನ್ನಡ ತಾನೇಂಗ. ತಾತನ ಕಾಲದಿಂದ ನೇಯೋ ಕುಟುಂಬ ನಮ್ದು. ಕನ್ನಡ ಎಳುತ್ತು, ಅದೇ ಅಕ್ಷರ, ಮಾತ್ರ ಓದಕ್ಕೆ ಬರಲ್ಲ." ಪ್ರಿಂಟರಿನ ಮುಚ್ಚಳ ಹಾಕುತ್ತ ಹೇಳಿದ, "ಇಂಗ್ಲಿಷ್ ಎಳುತ್ತಲ್ಲಿ ಇದ್ರೆ ಓದ್ತೀನಿ."

"ಓದಿದ್ರಾ?"

"ನಾಲ್ಕೂ ಓದ್ದೆ."

ಟೀ ಲೋಟವನ್ನು ಕೆಳಗಿಟ್ಟೆ.

"ಇಲ್ಲಿ ತಮಿಳಲ್ಲಿ ದಿನಾ ಬೈತಾರೆ, ಪರವಾಯಿಲ್ಲ. ಅದು ಕೆಲಸದ ಬೈಗುಳ," ಎಂದ ಅವನು ಮೆಲ್ಲಗೆ. "ಮನೆ ಮಾತಲ್ಲಿ ಬೈದ್ರೆ ಮನೆಯವ್ರೇ ಬೈದಂಗೆ ಇರ್ತದೆ. ಮೊದಲ್ನೇ ಸಲ ನೋವಾಯ್ತುಂಗ."

"ಮತ್ತೆ ಯಾಕೆ ಒಂದು ಮಾತೂ ಬರೀಲಿಲ್ಲ? ನನಗೆ ಕನ್ನಡ ಬರುತ್ತೆ ಅಂತ ಒಂದು ಸಾಲು ಬರೆದಿದ್ರೆ ನಾನು..."

"ಬರೆದಿದ್ರೆ ನೀವು ನಿಲ್ಲಿಸ್ತಿದ್ರಿ ತಾನೆ." ಈಗ ಅವನು ನೇರ ನನ್ನನ್ನೇ ನೋಡಿದ. "ಇಡೀ ಮಿಲ್ಲಲ್ಲಿ ನಂಗೆ ಕನ್ನಡದಲ್ಲಿ ಬರಿಯೋದು ನೀವೊಬ್ರೇ. ಅಮ್ಮಂಗೂ ಓದಿ ಹೇಳ್ತಿದ್ದೆ. ಯಾರಪ್ಪ ಈ ವಾಯಾಡಿ, ಈ ಬಾಯಿಬಡುಕಿ ಅಂತ ಕೇಳ್ತಿದ್ರು."

ರೆಪ್ಪೆಯ ಮೇಲಿನ ಎಳೆ ಇನ್ನೂ ಅಲ್ಲೇ ಇತ್ತು. ಅದನ್ನು ತೆಗೆಯಬೇಕೆಂದು ನನ್ನ ಕೈಗೆ ಎಷ್ಟು ಆಸೆಯಾಯಿತೋ, ಆ ಕೈಯೇ ಬರೆದದ್ದನ್ನು ನೆನೆದು ಅಷ್ಟೇ ಹೇಸಿಗೆಯಾಯಿತು. ಕೈಯನ್ನು ದುಪಟ್ಟಾದ ಕೆಳಗೆ ಇಟ್ಟುಕೊಂಡೆ.

ಗೋಪಾಲಸಾಮಿಯವರ ಕೋಣೆಗೆ ಇಬ್ಬರೂ ಹೋದೆವು. ಅವನು ಬಾಗಿಲ ಹತ್ತಿರವೇ ನಿಂತ, ಕೈ ಕಟ್ಟಿಕೊಂಡು.

"ಸೊಲ್ಲುಂಗಮ್ಮಾ. ಯಾರ್ ತಪ್ಪು?"

ನೆಟ್‌ವರ್ಕ್ ಸರಿಯಿಲ್ಲ ಎನ್ನಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು, ಶೋಭನಾ ಮೇಡಂ ಬೆನ್ನೂ ತಟ್ಟುತ್ತಿದ್ದರು. ಆದರೆ ಮ್ಯಾನೇಜರ್ ಅದನ್ನು ನಂಬುತ್ತಿರಲಿಲ್ಲ, ಸರವಣಕುಮಾರನೇ ಸ್ಟೋರ್ ಬಿಡಬೇಕಾಗುತ್ತಿತ್ತು. ಬಾಗಿಲ ಕಡೆ ನೋಡಿದೆ. ಅವನು ಸುಮ್ಮನೆ ನೆಲ ನೋಡುತ್ತಿದ್ದ, ನನ್ನಿಂದ ಏನನ್ನೂ ಬಯಸದವನ ಹಾಗೆ.

"ಎನ್ ತಪ್ಪು ಸಾರ್," ಎಂದೆ, ನನ್ನ ಹರುಕು ತಮಿಳಿನಲ್ಲಿ. "ಬಟನ್ ಎನ್ನೋಡದು. ಇವರು ನಾಲ್ಕು ಸಲ ಹೇಳಿದರು. ನಾನು ಬಂದು ನೋಡಲಿಲ್ಲ."

ಉಳಿದದ್ದಕ್ಕೆ ತಮಿಳು ಸಾಲಲಿಲ್ಲ. ಅವರ ಕಂಪ್ಯೂಟರಿನಲ್ಲೇ ಹಳೆಯ ಟಿಕೆಟ್ ತೆರೆದು, ತಪ್ಪು ನಮ್ಮದು ಎಂದು ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ ಕನ್ನಡದಲ್ಲಿ, ಅವನು ಓದಬಲ್ಲ ಅಕ್ಷರಗಳಲ್ಲಿ: 'ನೀವು ಸರಿಯಾಗೇ ಒತ್ತಿದ್ದಿರಿ. ನನಗೆ ನಾಚಿಕೆಯಾಗಿದೆ.' ಗೋಪಾಲಸಾಮಿ ಕನ್ನಡಕ ಸರಿಮಾಡಿಕೊಂಡು ಅದೇನೆಂದು ಕೇಳಿದರು. ಅವನು ಬಾಗಿಲ ಬಳಿಯಿಂದ ಬಂದು ಓದಿ, ಏನೂ ಇಲ್ಲ ಸಾರ್ ಎಂದ. ಅವನ ಕಿವಿ ಕೆಂಪಾಗಿತ್ತು.

ಕಚೇರಿಯಲ್ಲಿ ಬೈಸಿಕೊಂಡೆ, ಬೇಕಾದಷ್ಟು. ಎರಡು ದಿನದಲ್ಲಿ ಸರಿಪಡಿಸಿದೆ. ಈಗ ಒಮ್ಮೆ ಒತ್ತಿದೊಡನೆ ಬಟನ್ ಮಂಕಾಗಿ 'ಬರುತ್ತಿದೆ' ಎನ್ನುತ್ತದೆ. ಯಾರಾದರೂ ಹತ್ತು ಸಲ ಒತ್ತಿದರೂ ಒಂದು ಮೂಟೆಗೆ ಒಂದೇ ಲೇಬಲ್.

ಸರಿಯಾಗಿದ್ದೇ ತಪ್ಪಾಯಿತು. ಪಲ್ಲಡಂನಿಂದ ಟಿಕೆಟ್ ಬರುವುದೇ ನಿಂತುಹೋಯಿತು. ಮೂರು ವಾರ ದಿನವೂ ಬೆಳಿಗ್ಗೆ ಪುಟ ತೆರೆದು ಹುಡುಕುತ್ತಿದ್ದೆ. ಫೋನ್ ನಂಬರ್ ಇತ್ತು. ಅಷ್ಟೆಲ್ಲ ಬರೆದವಳು ಯಾವ ಮುಖ ಇಟ್ಟುಕೊಂಡು ಮಾಡಲಿ?

ನಾಲ್ಕನೆಯ ವಾರ, ಗುರುವಾರ, ವಿಶ್ವಾಸ್ ಕುರ್ಚಿ ತಿರುಗಿಸಿ ಕರೆದ.

"ಲೇ ಪ್ರಕೃತಿ, ಪಲ್ಲಡಂದು ಒಂದು ಬಂದಿದೆ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಯಾರಿಗೆ ಹಾಕ್ಬೇಕೋ ಗೊತ್ತಾಗ್ತಿಲ್ಲ."

ಓದಿದೆ.

'ಲೇಬಲ್ ಒಂದೇ ಬರ್ತಿದೆ. ಹಳೇ ಕೇಳ್ವಿ ಒಂದು ಹಂಗೇ ನಿಂತಿದೆ. ಇವನನ್ನ ಕಟ್ಟಿಕೊಂಡವಳ ಗತಿ ಏನೋ. ಅಮ್ಮನೂ ಕೇಳ್ತಾ ಅವ್ರೆ. ನೇರ್ಲ ಬಂದು ನೋಡಿ ಹೇಳಿ.'

ಮತ್ತೆ ಓದಿದೆ. ಮುಖ ಉರಿಯುತ್ತಿತ್ತು, ಕಣ್ಣು ತುಂಬಿತ್ತು, ವಿಶ್ವಾಸ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

'ಇಲ್ಲಿ ಕೂತರೆ ತಿಳಿಯೋದಿಲ್ಲ. ಭಾನುವಾರ ಬರ್ತೀನಿ' ಎಂದು ಕೆಳಗೆ ಬರೆದೆ. ಟಿಕೆಟ್ಟನ್ನು ನನ್ನ ಹೆಸರಿಗೇ ಹಾಕಿಕೊಂಡೆ.