ಆಚೆ ನೋಡುವ ನವಿಲು

ತಿ. ನರಸೀಪುರದಲ್ಲಿ ಬಸ್ಸಿಳಿಯುವಾಗಲೇ ರಂಗನಾಯಕಿಯ ಸಿಟ್ಟು ಮೂಗಿನ ತುದಿಗೆ ಬಂದು ಕೂತಿತ್ತು. ನಂಜನಗೂಡಿನಿಂದ ಇಲ್ಲಿಯವರೆಗೂ ನಿಂತೇ ಬಂದಿದ್ದಳು. ಒಂದು ಕೈಯಲ್ಲಿ ಊದುಬತ್ತಿಯ ಪೊಟ್ಟಣ, ಇನ್ನೊಂದರಲ್ಲಿ ಯಾರದೋ ಮದುವೆಯ ಲಗ್ನಪತ್ರಿಕೆ. ಕಂಬಿ ಹಿಡಿಯಲು ಕೈ ಸಾಲದೆ ದಾರಿಯುದ್ದಕ್ಕೂ ಪಕ್ಕದ ಹೆಂಗಸಿನ ಮೇಲೆ ವಾಲಿ ಬೈಸಿಕೊಂಡಿದ್ದಳು. ಆ ಬೈಗುಳವನ್ನೂ ಸೇರಿಸಿ ವಾಪಸು ಕೊಡಬೇಕಾದ ಮನುಷ್ಯನ ವಿಳಾಸ ಪತ್ರಿಕೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು: ಚನ್ನಾಜಮ್ಮ ಪ್ರೆಸ್, ತಿ. ನರಸೀಪುರ.

ಸಂತೆಬೀದಿಯ ಕೊನೆಯಲ್ಲಿ ಒಂದೇ ಕೋಣೆಯ ಪ್ರೆಸ್ಸು. ಒಳಗೆ ಒಬ್ಬನೇ ಆಳು, ಕಾಲಲ್ಲಿ ಮೆಷಿನ್ನು ತುಳಿಯುತ್ತ ಕೈಯಲ್ಲಿ ಹಾಳೆ ಕೊಡುತ್ತಿದ್ದ. ಎತ್ತರದ ಹುಡುಗ, ಕಿವಿಯ ಮೇಲೂ ಮಸಿ.

"ಈ ನವಿಲನ್ನ ಅಚ್ಚು ಹಾಕಿದೋರು ಯಾರು?" ಎಂದು ರಂಗನಾಯಕಿ ಪೊಟ್ಟಣವನ್ನು ಅವನ ಮುಂದೆ ಹಿಡಿದಳು.

ಅವನು ತುಳಿಯುವುದನ್ನು ನಿಲ್ಲಿಸಿದ. ಮೊದಲು ನವಿಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ, ಯಾಕೋ ಮತ್ತೆ ನವಿಲನ್ನೇ ನೋಡಿದ.

"ನಾನೇ ಕಣ್ರೀ. ಸಿದ್ದರಾಜು ಅಂತ. ಯಾಕೆ, ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗಿ ಬಂದಿರೋದೇ ತಪ್ಪು!"

ಅವನಿಗೆ ಅರ್ಥವಾಗಲಿಲ್ಲ. ಆಗುವುದು ಕಷ್ಟವೇ. ಅವಳು ಸ್ಟೂಲು ಎಳೆದುಕೊಂಡು ಕೂತು, ಕೋರ್ಟಿನಲ್ಲಿ ಹೇಳುವಂತೆ ಒಂದೊಂದಾಗಿ ಹೇಳಿದಳು.

ನವಿಲು ಮಾರ್ಕಿನ ಊದುಬತ್ತಿ ಅವಳ ತಂದೆ ಪ್ರಹ್ಲಾದರಾಯರದು. ಮಠದ ಬೀದಿಯ ಮನೆಯಲ್ಲಿ ಹದಿನೆಂಟು ಹೆಂಗಸರು ಕೂತು ಹೊಸೆಯುವ ಬತ್ತಿ. ಅದರ ಲೇಬಲ್ಲು ಇಪ್ಪತ್ತೆರಡು ವರ್ಷದಿಂದ ಮೈಸೂರಿನ ಒಂದು ಮುದಿ ಮೆಷಿನ್ನಿನಲ್ಲಿ ಎರಡು ಬಣ್ಣದಲ್ಲಿ ಅಚ್ಚಾಗುತ್ತಿತ್ತು. ಹಸಿರು ನವಿಲು ಒಂದು ಕಡೆ ಬೀಳುತ್ತಿತ್ತು, ಕಪ್ಪು ಕಣ್ಣು ಕೂದಲೆಳೆಯಷ್ಟು ತಲೆಯಿಂದ ಆಚೆ ಬೀಳುತ್ತಿತ್ತು. ಯಾರೂ ಸರಿಮಾಡಿಸಲು ಹೋಗಿರಲಿಲ್ಲ. ಕೇಳಿದವರಿಗೆ ರಾಯರು, "ನಮ್ಮ ನವಿಲು ಆಚೆ ನೋಡುತ್ತಪ್ಪ, ಸಮುದ್ರದಾಚೆ" ಎಂದು ನಗುತ್ತಿದ್ದರು. ನಿಜಕ್ಕೂ ಅದು ಸಮುದ್ರ ದಾಟಿ ಸಿಂಗಾಪುರದ ಪಿಳ್ಳೆ ಎಂಬುವರ ಅಂಗಡಿಗೆ ಹೋಗುತ್ತಿತ್ತು. ಈಗ ಯಾರೋ ಮರದ ಹೊಟ್ಟಿಗೆ ಸೆಂಟು ಬೆರೆಸಿ, ಅದೇ ನವಿಲು ಅಂಟಿಸಿ, ಅದೇ ಊರಿಗೆ ಕಳಿಸಿದ್ದರು. ಅಲ್ಲಿನ ಕಸ್ಟಮ್ಸಿನವರು ಎರಡು ಪೊಟ್ಟಣ ಪಕ್ಕಪಕ್ಕ ಇಟ್ಟು ನೋಡಿ, ಕಣ್ಣು ನೆಟ್ಟಗಿರುವುದೇ ಅಸಲಿ ಎಂದು ತೀರ್ಮಾನಿಸಿದ್ದರು. ರಾಯರ ಮಾಲು ಗೋಡೌನಿನಲ್ಲಿ ಬೀಗದೊಳಗೆ, ಕಳ್ಳಮಾಲು ಅಂಗಡಿಯ ಕಪಾಟಿನಲ್ಲಿ. ಪಿಳ್ಳೆಯವರು ಕಳಿಸಿದ ಆ ಕಳ್ಳ ಪೊಟ್ಟಣವೇ ಈಗ ಅವಳ ಕೈಯಲ್ಲಿತ್ತು.

ಸಿದ್ದರಾಜು ಜೋರಾಗಿ ನಕ್ಕುಬಿಟ್ಟ. ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

"ಅಂದ್ರೆ... ನಾನು ಕಷ್ಟಪಟ್ಟು ಕಣ್ಣು ನೆಟ್ಟಗೆ ಕೂರಿಸಿದ್ದಕ್ಕೆ..."

"ನಾವು ಕಳ್ಳರಾದ್ವಿ."

"ಅಯ್ಯೋ, ಆರ್ಡರ್ ತಂದೋರು ನಂಜನಗೂಡಿನೋರೇ ಕಳಿಸವ್ರೆ ಅಂದ್ರು ಕಣ್ರೀ. ಸ್ಯಾಂಪಲ್ ನೋಡಿದೆ, ಕಣ್ಣು ಆಚೆ ಬಿದ್ದಿತ್ತು. ನನ್ನ ಕೈಲಿ ಅಂಥ ಕೆಲಸ ಆಚೆ ಓಗಬಾರದು ಅಂತ ಸರಿ ಮಾಡ್ದೆ. ಅದು ಸರಿ, ನಾನೇ ಅಂತ ಎಂಗೆ ಗೊತ್ತಾಯ್ತು ನಿಮಗೆ?"

ಅವಳು ಲಗ್ನಪತ್ರಿಕೆಯನ್ನು ಪೊಟ್ಟಣದ ಪಕ್ಕ ಇಟ್ಟಳು. ಎರಡರಲ್ಲೂ ಒಂದೇ ನವಿಲು. ತಲೆಯ ಮೇಲಿನ ಜುಟ್ಟಿನಲ್ಲಿ ಮೂರನೆಯ ಗರಿಯ ತುದಿ ಮುರಿದಿತ್ತು. "ನಮ್ಮದರಲ್ಲಿ ಐದೂ ಗರಿ ಪೂರ್ತಿ ಇದೆ," ಎಂದಳು.

"ಈ ನವಿಲಿನ ಅಚ್ಚಿನ ಬ್ಲಾಕು ಕೈಜಾರಿ ಬಿದ್ದು ಮೂರು ವರ್ಷ ಆಯ್ತು. ಇದ್ರಲ್ಲಿ ಎಷ್ಟೋ ಮದುವೆ ಆಗೋಗವೆ. ಒಬ್ಬರೂ ನೋಡಿರ್ಲಿಲ್ಲ."

"ನಾನು ನೋಡಿದೆ."

"ಊಂ. ನೀವು ನೋಡಿದ್ರಿ," ಎಂದ ಅವನು ನಿಧಾನವಾಗಿ. ಹಾಗೆ ಹೇಳುವಾಗ ಅವನು ನೋಡುತ್ತಿದ್ದದ್ದು ಗರಿಯನ್ನಲ್ಲ. ರಂಗನಾಯಕಿ ತಟ್ಟನೆ ಎದ್ದು, ಬಸ್ಸಿಗೆ ಹೊತ್ತಾಯಿತು ಎಂದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಆಮೇಲಿನ ಎರಡು ವಾರದಲ್ಲಿ ಅವಳು ನಾಲ್ಕು ಸಲ ನರಸೀಪುರಕ್ಕೆ ಹೋದಳು. ಕಾರಣವೇನೋ ಇತ್ತು. ಪಿಳ್ಳೆಯವರ ಕಾಗದ ಬಂದಿತ್ತು: ಸೆಪ್ಟೆಂಬರ್ ಹದಿನಾಲ್ಕಕ್ಕೆ ಮೈಸೂರಿನಲ್ಲಿ ಊದುಬತ್ತಿ ತಯಾರಕರ ಸಂಘದ ಸಭೆಗೆ ನಾನೇ ಬರುತ್ತೇನೆ. ಕಳ್ಳ ಲೇಬಲ್ಲು ಎಲ್ಲಿ ಅಚ್ಚಾಯಿತೆಂದು ತೋರಿಸಿದರೆ, ನಮ್ಮ ವರ್ತಕರ ಸಂಘವೂ ನಿಮ್ಮ ಸಂಘವೂ ಸೇರಿ ಎರಡು ದೇಶದ ಕಸ್ಟಮ್ಸಿಗೂ ಅಸಲಿ ಲೇಬಲ್ಲುಗಳ ಪಟ್ಟಿ ಕೊಡೋಣ. ತೋರಿಸದಿದ್ದರೆ ನವಿಲು ಮಾರ್ಕನ್ನು ನಾನು ಕೈಬಿಡಬೇಕಾಗುತ್ತದೆ. ಆ ಕಾಗದ ಓದಿದ ಮೇಲೆ ರಾಯರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾರಣ ಒಂದಾದರೆ ಸೀರೆ ಬೇರೆ. ಮೂರನೆಯ ಸಲ ಅವಳು ಉಟ್ಟಿದ್ದು ಹಬ್ಬಕ್ಕೆಂದು ತೆಗೆದಿಟ್ಟಿದ್ದ ನೀಲಿ ಸೀರೆ.

"ಇವತ್ತು ಏನು ವಿಶೇಷ?" ಎಂದು ಸಿದ್ದರಾಜು ಅಚ್ಚುಮೊಳೆ ಜೋಡಿಸುತ್ತ, ತಲೆಯೆತ್ತದೆ ಕೇಳಿದ.

"ಏನಿಲ್ಲ. ಕೈಗೆ ಸಿಕ್ಕಿದ್ದು ಉಟ್ಕೊಂಡು ಬಂದೆ."

"ನಾನು ಸೀರೆ ಕೇಳ್ಲಿಲ್ಲ ಕಣ್ರೀ. ಇವತ್ತು ಬೈಯೋಕೆ ಏನು ವಿಶೇಷ ತಂದಿದೀರಿ ಅಂತ ಕೇಳ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ತಲೆಯೆತ್ತಿ ನೋಡಿದ. ಕೈಯಲ್ಲಿದ್ದ ಮೊಳೆ ತಪ್ಪು ಮನೆಗೆ ಬಿತ್ತು. ಅದನ್ನು ಅವಳೂ ನೋಡಿದಳು, ನೋಡದವಳಂತೆ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದಳು.

ಆದರೆ ಆರ್ಡರು ತಂದವರು ಯಾರು ಎಂದು ಕೇಳಿದಾಗೆಲ್ಲ ಅವನು ಮಾತು ಮರೆಸುತ್ತಿದ್ದ. ನಾಲ್ಕನೆಯ ಸಲ ಅವಳು ಬಿಡಲಿಲ್ಲ.

"ನಮ್ಮ ಭಾವ," ಎಂದ ಕೊನೆಗೆ. "ಚಿಕ್ಕಸ್ವಾಮಿ ಅಂತ. ನಮ್ಮಕ್ಕನ ಗಂಡ. ನನಗೂ ಸುಳ್ಳೇ ಹೇಳವ್ರೆ, ಈಗ ಕೇಳಿದ್ರೆ ಬಾಯಿ ಮುಚ್ಕೊಂಡಿರು ಅಂತಾರೆ. ಈ ಪ್ರೆಸ್ಸಿನ ಗೋಡೆ ಅವರದು. ನಮ್ಮಕ್ಕ ಇರೋದೂ ಅವರ ಮನೇಲೇ. ಸಭೇಲಿ ನಾನು ಎಂಗೆ ನಿಂತ್ಕೊಳ್ಳಲಿ, ನೀವೇ ಯೋಳಿ?"

"ಹಾಗಾದ್ರೆ ನಮ್ಮಪ್ಪ ಕಳ್ಳ ಅನ್ನಿಸ್ಕೊಂಡೇ ಇರಲಿ ಅಂತೀರಾ?"

"ನಾನು ಅಂಗಂದ್ನಾ?"

"ಬಾಯಿ ಮುಚ್ಕೊಂಡಿದ್ರೆ ಅಂದ ಹಾಗೇ! ನವಿಲಿನ ಕಣ್ಣು ನೆಟ್ಟಗೆ ಕೂರಿಸೋಕೆ ಬರುತ್ತೆ ನಿಮಗೆ. ಜನರ ಕಣ್ಣಲ್ಲಿ ಕಣ್ಣಿಟ್ಟು ನಿಜ ಹೇಳೋಕೆ ಬರಲ್ಲ!"

ಅವಳು ಹೊರಟುಬಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಗಾಳಿ ಚೆನ್ನಾಗಿತ್ತು, ಅವಳು ನಂಜನಗೂಡಿನವರೆಗೂ ಅತ್ತಳು. ಅತ್ತದ್ದು ಅಪ್ಪನಿಗಾಗಿ ಅಂದುಕೊಂಡಿದ್ದಳು. ಸೇತುವೆ ದಾಟುವ ಹೊತ್ತಿಗೆ ಆ ಸುಳ್ಳು ಅವಳಿಗೇ ತಿಳಿಯಿತು.

ಸೆಪ್ಟೆಂಬರ್ ಹದಿನಾಲ್ಕರಂದು ಸಂಘದ ಹಾಲಿನಲ್ಲಿ ಮೂವತ್ತು ಗಂಡಸರು, ಒಬ್ಬಳೇ ಹೆಂಗಸು. "ಹುಡುಗಿ ಅಲ್ಲಿ ಮಾತಾಡೋದಾ?" ಎಂದು ರಾಯರು ಹಿಂದಿನ ದಿನವೇ ಗೊಣಗಿದ್ದರು. "ನೀವು ಮಾತಾಡ್ತೀರಾದ್ರೆ ನಾನು ಸುಮ್ಮನಿರ್ತೀನಿ" ಎಂದಿದ್ದಳು. ಅವರು ಮಾತಾಡುವ ಜಾಯಮಾನದವರಲ್ಲ. ಈಗ ಕೊನೆಯ ಸಾಲಿನಲ್ಲಿ ಪಂಚೆಯ ಅಂಚು ಹಿಡಿದು ಕೂತಿದ್ದರು.

ಅಧ್ಯಕ್ಷರು ಬಹಳ ಮೆತ್ತಗೆ ಶುರುಮಾಡಿದರು. "ನೋಡಮ್ಮ, ನಕಲಿ ನಕಲಿ ಅಂತ ನಾವೇ ಕೂಗಿದ್ರೆ ನಮ್ಮೆಲ್ಲರ ಮಾಲಿನ ಮೇಲೂ ಅನುಮಾನ ಬರುತ್ತೆ. ಹೊರದೇಶದವರ ಮುಂದೆ ನಮ್ಮ ಮಾನ ನಾವೇ ಕಳ್ಕೊಳ್ಳೋದು ಯಾಕೆ? ನಿಮ್ಮ ತಂದೆಯೋರು ಬೇರೆ ಲೇಬಲ್ ಮಾಡಿಸಲಿ. ನವಿಲು ಬಿಟ್ಟರೆ ಗಿಳಿ."

"ಬಿಡಲ್ಲ," ಎಂದಳು ರಂಗನಾಯಕಿ. ದನಿ ನಡುಗಿತು, ಅವಳು ನಡುಗಿದ್ದಕ್ಕೇ ಸಿಟ್ಟಾಗಿ ಇನ್ನೂ ಜೋರಾಗಿ ಹೇಳಿದಳು. "ಕದ್ದೋನು ನವಿಲು ಇಟ್ಕೊಳ್ತಾನೆ, ನಾವು ಗಿಳಿ ಹಿಡ್ಕೊಂಡು ಓಡಬೇಕಾ? ಇವತ್ತು ನಮ್ಮ ನವಿಲು. ನಾಳೆ ನಿಮ್ಮ ಆನೆ ಮಾರ್ಕು, ನಾಡಿದ್ದು ಇವರ ತಾವರೆ. ಆವಾಗ ಒಬ್ಬೊಬ್ಬರೇ ಹೋಗಿ ಅಲ್ಲಿನ ಕಸ್ಟಮ್ಸಿನ ಮುಂದೆ ಅಳ್ತೀರಾ? ಈವತ್ತೇ ಎಲ್ಲರೂ ಸೇರಿ ಬರೆಯೋಣ. ನಮ್ಮ ಲೇಬಲ್ಲೆಲ್ಲ ಅವರ ಹತ್ತಿರ ಇರಲಿ, ಅಲ್ಲಿ ಸಿಕ್ಕ ಕಳ್ಳಮಾಲಿನ ಸುದ್ದಿ ನಮಗೆ ಬರಲಿ. ಮಾನ ಹೋಗೋದು ಕೂಗಿದ್ದಕ್ಕಲ್ಲ ಸಾರ್, ಮುಚ್ಚಿಟ್ಟಿದ್ದಕ್ಕೆ."

ಬಿಳಿ ಶರಟಿನ ಪಿಳ್ಳೆಯವರು ಕನ್ನಡಕ ತೆಗೆದರು. ನಲವತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಓದಿದ ಕನ್ನಡ ಅವರ ನಾಲಗೆಯ ಮೇಲೆ ಇನ್ನೂ ಇತ್ತು. "ನೀನು ಹೇಳಿದ್ದು ಸರಿ ಅಮ್ಮಾ. ಆದರೆ ಪುರಾವೆ? ನೀನು ತಂದ ಲಗ್ನಪತ್ರಿಕೆ ತೋರಿಸಿದರೆ ಕಸ್ಟಮ್ಸಿನವರು ಒಪ್ಪುವುದಿಲ್ಲ."

ಅವಳ ಹತ್ತಿರ ಬೇರೇನೂ ಇರಲಿಲ್ಲ.

"ಪುರಾವೆ ಇಲ್ಲಿ ಅದೆ ಸಾ," ಎಂದು ಬಾಗಿಲಿನಿಂದ ದನಿ ಬಂತು.

ಸಿದ್ದರಾಜು ಒಗೆದ ಶರಟು ಹಾಕಿದ್ದ. ಕಿವಿಯ ಮಸಿ ಮಾತ್ರ ಹಾಗೇ ಇತ್ತು. ಕೈಚೀಲದಿಂದ ಬ್ಲಾಕು ತೆಗೆದ, ಡಬ್ಬಿಯ ಮಸಿ ಸವರಿದ, ಅಧ್ಯಕ್ಷರ ಮುಂದಿದ್ದ ಸಂಘದ ಲೆಟರ್‌ಹೆಡ್ಡನ್ನೇ ಎಳೆದುಕೊಂಡು ಅಂಗೈಯಿಂದ ಒತ್ತಿದ. ಮೂರನೆಯ ಗರಿ ಮುರಿದ ನವಿಲು ಹಾಳೆಯ ಮೇಲೆ ಮೂಡಿತು. ಪಕ್ಕದಲ್ಲಿ ಅವಳು ತಂದಿದ್ದ ಕಳ್ಳ ಪೊಟ್ಟಣ ಇಟ್ಟ.

"ಇದು ನನ್ನ ಕೈಕೆಲಸ. ತಿಳೀದೆ ಮಾಡ್ದೆ, ಮಾಡಿದ್ದು ನಾನೇ. ಆರ್ಡರ್ ತಂದೋರು ನಮ್ಮ ಭಾವ ಚಿಕ್ಕಸ್ವಾಮಿ. ಅವರ ಕೈಬರಹದ ಆರ್ಡರ್ ಚೀಟಿ ಇಲ್ಲಿ ಅದೆ. ಯಾವ ದೇಶದೋರು ಕೇಳಿದ್ರೂ ಬರ್ಕೊಡ್ತೀನಿ."

ಪಿಳ್ಳೆಯವರು ಗರಿಗಳನ್ನು ಎರಡು ಸಲ ಎಣಿಸಿದರು. ಬ್ಲಾಕನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಆನೆ ಮಾರ್ಕಿನವರು ಎದ್ದು, ಜಂಟಿ ಪತ್ರಕ್ಕೆ ಮೊದಲ ಸಹಿ ತಮ್ಮದು ಎಂದರು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಸಹಿ ಬಿದ್ದಿತ್ತು.

ಹೊರಗೆ ಮರದ ಕೆಳಗೆ ಅವಳು ಕೇಳಿದಳು, "ನಿಮ್ಮಕ್ಕ?"

"ಬೆಳಿಗ್ಗೆ ಅವಳಿಗೆ ಎಲ್ಲ ಯೋಳ್ದೆ. 'ಸಭೆಗೆ ನೀನು ಓಗ್ತೀಯೋ, ನಾನು ಓಗ್ಲೋ' ಅಂದ್ಲು. ಚೀಟಿ ಉಡುಕಿ ಕೊಟ್ಟೋಳೇ ಅವಳು."

"ಪ್ರೆಸ್ಸು?"

"ಮೆಷಿನ್ನು ನಂದು, ಗೋಡೆ ಅವರದು. ನಾಳೆ ಆಚೆ ಇಡ್ತಾರೆ."

"ಹಾಗಾದ್ರೆ ಮೆಷಿನ್ನು ನಂಜನಗೂಡಿಗೆ ತನ್ನಿ."

"ಮೆಷಿನ್ನು ಮಾತ್ರನಾ?"

"ಅದನ್ನ ತುಳಿಯೋರು ಬೇಡ್ವಾ?" ಎಂದಳು. ಹೇಳಿದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಸಿದ್ದರಾಜು ಹಾಲಿನ ಬಾಗಿಲ ಕಡೆ ಕೈ ತೋರಿಸಿದ. "ಒಳಗಿರೋರೆಲ್ಲ ನಾನು ನ್ಯಾಯಕ್ಕೋಸ್ಕರ ಬಂದೆ ಅಂದ್ಕೊಂಡವ್ರೆ. ಅದು ಅರ್ಧ ಸುಳ್ಳು ಕಣ್ರೀ."

"ಉಳಿದರ್ಧ?"

"ಅಷ್ಟು ಜನದ ಮುಂದೆ ನೀವು ಒಬ್ಬರೇ ನಿಂತಿರೋದು ನನಗೆ ಆಗ್ಲಿಲ್ಲ. ಇನ್ನು ಮುಂದೆನೂ ಆಗಕಿಲ್ಲ."

"ಒಬ್ಬಳನ್ನೇ ನಿಲ್ಲಿಸಬೇಡಿ ಮತ್ತೆ," ಎಂದಳು ರಂಗನಾಯಕಿ. ಈ ಸಲ ನೇರವಾಗಿ ಅವನ ಮುಖ ನೋಡಿಯೇ ಹೇಳಿದಳು.

ಸಿಂಗಾಪುರದ ಗೋಡೌನಿನ ಬೀಗ ನವೆಂಬರಿನಲ್ಲಿ ತೆರೆಯಿತು. ಮಠದ ಬೀದಿಯ ಮನೆಯಲ್ಲಿ ಮಾತ್ರ ಆಗಲೇ ಬೀಗ ಬಿದ್ದಿತ್ತು, ರಾಯರ ಬಾಯಿಗೆ. "ಒಕ್ಕಲಿಗರ ಹುಡುಗ. ಮಠದವರಿಗೆ ನಾನು ಏನು ಹೇಳಲಿ?" ಎಂದು ಮಗಳು ಮದುವೆಯ ಮಾತೆತ್ತಿದಾಗ ಒಂದೇ ಸಲ ಕೇಳಿದ್ದರು.

"ಯಾವುದು ಅಸಲಿ ಅಂತ ಸಭೇಲಿ ನಾನು ಹೇಳಿದಾಗ ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು ಅಪ್ಪ. ಈಗಲೂ ಅದನ್ನೇ ಹೇಳ್ತಿದೀನಿ. ನೀವು ಬಂದ್ರೂ ಸರಿ, ಬರದಿದ್ರೂ ಸರಿ, ಮದುವೆ ಆಗ್ತೀನಿ. ಬಂದ್ರೆ ಸಂತೋಷ."

ಅಂದಿನಿಂದ ರಾಯರ ಮಾತು ನಿಂತಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ, ಮೆಷಿನ್ನನ್ನು ನಂಜನಗೂಡಿಗೆ ತಂದಿದ್ದ ಸಿದ್ದರಾಜು ತಮ್ಮ ಲಗ್ನಪತ್ರಿಕೆಯ ಪ್ರೂಫು ಹಿಡಿದು ಬಂದು ಜಗಲಿಯಲ್ಲೇ ನಿಂತ. ಇಪ್ಪತ್ತೆರಡು ವರ್ಷದಿಂದ ಆ ಮನೆಗೆ ಬಂದ ಪ್ರತಿಯೊಂದು ಪ್ರೂಫನ್ನೂ ರಾಯರೇ ನೋಡುತ್ತಿದ್ದರು. ಇದನ್ನೂ ಅಭ್ಯಾಸಬಲದಿಂದ ಕೈಚಾಚಿ ತೆಗೆದುಕೊಂಡರು. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದರು. ಮೇಲೆ ಹಸಿರು ನವಿಲು, ಐದೂ ಗರಿ ಪೂರ್ತಿ. ಕಪ್ಪು ಕಣ್ಣು ಕೂದಲೆಳೆಯಷ್ಟು ತಲೆಯಿಂದ ಆಚೆ.

"ಕಣ್ಣು ಆಚೆ ಬಿದ್ದಿದೆಯಲ್ಲಪ್ಪ," ಎಂದರು. ಮೂರು ತಿಂಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು ಅದು.

"ಬೇಕಂತಲೇ ಸಾ. ಏಳು ಸಲ ತಪ್ಪಿತು, ಮತ್ತೆ ಮತ್ತೆ ನೆಟ್ಟಗೇ ಕೂತ್ಕೊಳ್ತಿತ್ತು. ಎಂಟನೇ ಸಲ ಬಂತು."

ರಾಯರು ಇನ್ನೂ ಓದುತ್ತಿದ್ದರು. ವಧುವಿನ ಹೆಸರು, ವರನ ಹೆಸರು, ದಿನ. ಕೊನೆಯಲ್ಲಿ 'ತಮ್ಮ ಆಗಮನಾಭಿಲಾಷಿ' ಎಂಬುದರ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿತ್ತು. ಬಾಗಿಲ ಹಿಂದೆ ರಂಗನಾಯಕಿ ನಿಂತು ನೋಡುತ್ತಿದ್ದಳು.

"ಇಲ್ಲಿ ಅಚ್ಚು ಬಿಟ್ಟುಹೋಗಿದೆ," ಎಂದರು ರಾಯರು. ಜೇಬಿನಿಂದ ಪೆನ್ನು ತೆಗೆದು, ಪ್ರೂಫನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಜಾಗದಲ್ಲಿ ದುಂಡಗೆ ಬರೆದರು: ಪ್ರಹ್ಲಾದರಾಯ, ಮಠದ ಬೀದಿ, ನಂಜನಗೂಡು.