ತೇಗು ಡಬ್ಬಿ ಕಳವಿನ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಇನ್‌ಸ್ಪೆಕ್ಟರ್ ಮೇಡಂ ಟೋಪಿ ತೆಗೆದು ಮೇಜಿನ ಮೇಲಿಡುವಷ್ಟರಲ್ಲೇ, ಬ್ಯಾಟರಿ ಕಂಪನಿಯ ಮ್ಯಾನೇಜರ್ ದೂರು ಹಿಡಿದುಕೊಂಡು ಠಾಣೆಗೆ ಬಂದರು. ಕುರ್ಚಿ ತೋರಿಸುವ ಮೊದಲೇ ಕೂತು, ನೀರು ಕೇಳಿ ಕುಡಿದು, ತಮ್ಮ ಕಂಪನಿಯ ಮಾನವೇ ಕಳವಾಗಿದೆ ಎಂದರು.

"ಮಾನ ಆಮೇಲೆ ಹುಡುಕೋಣ. ವಸ್ತು ಏನು ಹೋಗಿದೆ ಹೇಳಿ."

ಹೋದದ್ದು ಎರಡು ವಸ್ತು. ಒಂದು ಹಳೆಯ ಚಾರ್ಜರ್. ಇನ್ನೊಂದು ಕೈಯಲ್ಲಿ ಹಿಡಿದು ಬಳಸುವ ಪುಟ್ಟ ಪ್ರಿಂಟರ್. ಎರಡೂ ಕಂಪನಿಗೆ ಪೇಟೆಂಟ್ ತಂದುಕೊಟ್ಟ ಮೊದಲ ಮಾದರಿಗಳು. ಕಂಡುಹಿಡಿದವರು ಅಲ್ಲೇ ದುಡಿದು ನಿವೃತ್ತರಾದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಹೆಸರು ಅವರದು, ಹಕ್ಕು ಕಂಪನಿಯದು. ಪ್ರದರ್ಶನದ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಶನಿವಾರ ವಾರ್ಷಿಕೋತ್ಸವ ನಡೆದು ಹಳೆಯ ನೌಕರರೆಲ್ಲ ಮನೆಮಂದಿಯ ಜೊತೆ ಬಂದಿದ್ದರು. ಇವತ್ತು ನೋಡಿದರೆ ಪೆಟ್ಟಿಗೆ ಖಾಲಿ.

"ಬೆಲೆ ಎಷ್ಟು?"

"ಅದಕ್ಕೆ ಬೆಲೆ ಕಟ್ಟೋಕಾಗುತ್ತಾ ಮೇಡಂ?"

"ಎಫ್‌ಐಆರ್‌ನಲ್ಲಿ ಕಟ್ಟಲೇಬೇಕು. ಖಾಲಿ ಬಿಡೋ ಹಾಗಿಲ್ಲ."

ಮ್ಯಾನೇಜರ್ ಬೆರಳು ಮಡಿಸಿ ಲೆಕ್ಕ ಹಾಕಿ, ಗುಜರಿಗೆ ಹಾಕಿದರೆ ಒಂದು ಹೊತ್ತಿನ ಊಟದ ದುಡ್ಡು ಬರಬಹುದು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಮೇಡಂ ಹಾಗೆಯೇ ಬರೆಸಿದರು.

ಹನ್ನೊಂದು ಗಂಟೆಗೆ ಮೇಡಂ ಹಿರಿಯ ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಈ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಇದ್ದ ಹೆಸರು ಕಾಮೆಂಟ್ರಿ. ಪಂದ್ಯ ಇದ್ದ ದಿನ ಎದೆಜೇಬಿನಲ್ಲಿ ಪುಟ್ಟ ರೇಡಿಯೋ, ಒಂದು ಕಿವಿಯಲ್ಲಿ ವಯರು. ಅದು ಡ್ಯೂಟಿಯ ಹೊತ್ತಿನಲ್ಲಿ ತಪ್ಪು ಎಂದು ಮೇಡಂ ಎಷ್ಟು ಸಲ ಬೈದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಮೇಲಾಗಿ ಅವನ ಗಂಟಲು ಎಂಥದ್ದೆಂದರೆ, ಅವನು ಪಿಸುಗುಟ್ಟಿದರೂ ಲಾಕಪ್ಪಿನಲ್ಲಿದ್ದವರಿಗೆ ಸ್ಕೋರು ಗೊತ್ತಾಗುತ್ತಿತ್ತು.

ಗಾಜು ಒಡೆದಿರಲಿಲ್ಲ. ಹಿಂಬದಿಯ ತಗಡಿನ ಆರು ಸ್ಕ್ರೂ ಬಿಚ್ಚಿ, ಮಾಲು ತೆಗೆದು, ಆರನ್ನೂ ಮತ್ತೆ ಬಿಗಿಯಾಗಿ ಕೂರಿಸಿದ್ದರು. ಪಕ್ಕದಲ್ಲೇ ಇದ್ದ ಬೆಳ್ಳಿಯ ಟ್ರೋಫಿ ಮುಟ್ಟಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಪೆಟ್ಟಿಗೆಯ ಒಳಗಿನ ಧೂಳನ್ನು ಯಾರೋ ಬಟ್ಟೆಯಲ್ಲಿ ಒರೆಸಿ ಹೋಗಿದ್ದರು.

"ಕಳ್ಳ ಬಂದು ಕಸ ಗುಡಿಸಿ ಹೋದ ಅಂತ ಪಂಚನಾಮೆಯಲ್ಲಿ ಹ್ಯಾಗೆ ಬರೀಲಿ ಮೇಡಂ?" ಎಂದ ಕಾಮೆಂಟ್ರಿ.

"ಕಂಡಿದ್ದು ಬರಿ."

ಪಂಚರಿಬ್ಬರು ಸಹಿ ಹಾಕಿದರು. ಕ್ಯಾಮೆರಾ ನೋಡುತ್ತಿದ್ದದ್ದು ಬಾಗಿಲನ್ನು, ಪೆಟ್ಟಿಗೆಯನ್ನಲ್ಲ. ಭಾಷಣದ ಹೊತ್ತಿಗೆ ಎಲ್ಲರೂ ಹೊರಗೆ ಶಾಮಿಯಾನದಲ್ಲಿದ್ದರು.

ಚಾರ್ಜರಿನ ವಿಶೇಷ ಏನು ಎಂದು ಮೇಡಂ ಕೇಳಿದ್ದೇ ತಡ, ಮ್ಯಾನೇಜರ್ ಎದೆಯುಬ್ಬಿಸಿದರು. ಬೇರೆ ಚಾರ್ಜರುಗಳು ಬ್ಯಾಟರಿಗೆ ಕರೆಂಟನ್ನು ಒಂದೇ ಸಮ ತುರುಕುತ್ತವಂತೆ. ಇದು ಹಾಗಲ್ಲ. ಸ್ವಲ್ಪ ಉಣಿಸುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಒಂದು ಗುಟುಕು ವಾಪಸ್ ಎಳೆಯುತ್ತದೆ, ಮತ್ತೆ ಉಣಿಸುತ್ತದೆ. ಸತ್ತೇ ಹೋಯಿತೆಂದು ಬಿಸಾಡಿದ ಹಳೆಯ ಬ್ಯಾಟರಿಗಳೂ ಇದರಲ್ಲಿ ಎದ್ದು ಕೂರುತ್ತಿದ್ದವು. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ತೇಗು ಡಬ್ಬಿ ಎನ್ನುತ್ತಿದ್ದರು.

"ಈ ಮೊದಲ ಮಾದರಿಗೆ ಒಂದು ರೋಗ ಇತ್ತು. ಪ್ರತಿ ತೇಗಿಗೂ ಹತ್ತಿರದ ರೇಡಿಯೋಗಳಲ್ಲಿ ಟಿಕ್ ಅನ್ನೋದು. ಆಮೇಲಿನವಕ್ಕೆ ತಗಡಿನ ಕವಚ ಹಾಕಿ ಸರಿಮಾಡಿದ್ವಿ."

"ಇದನ್ನ ಯಾರಾದ್ರೂ ಕೇಳಿದ್ರಾ, ಮೊದಲು?"

"ಇದನ್ನ ಯಾರು ಕೇಳ್ತಾರೆ ಮೇಡಂ? ಮ್ಯೂಸಿಯಂ ಮಾಲು."

ಮಾಲಿನ ಗುರುತು ಹೇಳಬಲ್ಲವರು ಅದನ್ನು ಮಾಡಿದವರೇ. ಹಾಗಾಗಿ ಮಧ್ಯಾಹ್ನ ಎರಡೂವರೆಗೆ ಇಬ್ಬರೂ ಎಂಜಿನಿಯರರ ಮನೆಗೆ ಹೋದರು. ಮೂರನೆಯ ಮಹಡಿ, ಎರಡು ಕೋಣೆಯ ಮನೆ. ಎಂಜಿನಿಯರ್ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕತ್ತಿಗೆ ಬಿಳಿಯ ಬಟ್ಟೆ ಸುತ್ತಿತ್ತು. ಬಾಗಿಲು ತೆರೆದ ಅವರ ಹೆಂಡತಿ, ಖಾಕಿ ಕಂಡದ್ದೇ, ಯಾರೂ ಏನೂ ಕೇಳುವ ಮೊದಲೇ, "ನಾವು ಶನಿವಾರ ಭಾಷಣ ಮುಗಿಯೋ ತನಕ ಕೂತಲ್ಲಿಂದ ಎದ್ದೇ ಇಲ್ಲಪ್ಪ!" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಇಲ್ಲಿ ಕುಂಬಳಕಾಯಿಯ ಮಾತನ್ನೇ ಯಾರೂ ತೆಗೆದಿರಲಿಲ್ಲ. ಮೇಡಂ ಒಳಗೆ ಬಂದು ಕೂತರು.

"ಸಾರ್ ಹತ್ರ ಒಂದೆರಡು ಮಾತು ಕೇಳ್ಬೇಕಿತ್ತು."

"ಮಾತಾ? ಗಂಟಲಿನ ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೇನೇ ತೆಗೆದ್ರು. ಆರು ತಿಂಗಳಾಯ್ತು. ಏನಿದ್ರೂ ನನ್ನ ಕೇಳಿ."

"ಬರೆದು ತೋರಿಸ್ಬಹುದಲ್ಲ?"

"ಕೈ ನಡುಗುತ್ತೆ. ಪೆನ್ಸಿಲ್ ಕೊಟ್ರೆ ಕೋಳಿ ಕೆರೆದ ಹಾಗಾಗುತ್ತೆ. ಮೊಬೈಲ್ ಗಾಜು ಅವರ ಬೆರಳನ್ನ ಬೆರಳು ಅಂತಾನೇ ಒಪ್ಪಲ್ಲ."

ಎಂಜಿನಿಯರ್ ಮುದುಕರು ಗೋಡೆ ನೋಡುತ್ತಿದ್ದರು. ಆಗ ಬಾಗಿಲ ಬಳಿ ನಿಂತಿದ್ದ ಕಾಮೆಂಟ್ರಿ ಕಿವಿಯ ವಯರನ್ನು ಕಿತ್ತು, ಜೇಬು ಕುಟ್ಟಿ, ತನ್ನ ಪ್ರಕಾರ ಪಿಸುದನಿಯಲ್ಲಿ, "ಥೂ, ಹಾಳಾದ್ದು! ಕೊನೇ ಓವರ್, ಇವಾಗ್ಲೇ ಟಿಕ್ ಟಿಕ್ ಅಂತಿದೆ!" ಎಂದ.

ಮೇಡಂ ಎದ್ದರು. ಕಾಮೆಂಟ್ರಿ, ಇವತ್ತು ಸಸ್ಪೆಂಡ್ ಗ್ಯಾರಂಟಿ ಎಂದುಕೊಂಡು ಕಣ್ಣು ಮುಚ್ಚಿದ. ಮೇಡಂ ರೇಡಿಯೋ ತೆಗೆದುಕೊಂಡು, ವಯರನ್ನು ತಮ್ಮ ಕಿವಿಗೆ ಸಿಕ್ಕಿಸಿ ಅಡುಗೆಮನೆಯತ್ತ ಎರಡು ಹೆಜ್ಜೆ ಹಾಕಿದರು, ಸದ್ದು ಕಮ್ಮಿಯಾಯಿತು. ಮಲಗುವ ಕೋಣೆಯತ್ತ ತಿರುಗಿದರು, ಸದ್ದು ಜೋರಾಯಿತು. ಆ ಬಾಗಿಲಿಗೆ ಅಡ್ಡವಾಗಿ ಹೆಂಡತಿ ಬಂದು ನಿಂತಿದ್ದರು.

"ಅಮ್ಮಾ, ದಾರಿ ಬಿಡಿ."

"ಒಳಗೆ ಬಟ್ಟೆ ಹರಡಿದೆ, ಚೆನ್ನಾಗಿಲ್ಲ."

"ಪೆಟ್ಟಿಗೆ ಧೂಳು ಒರೆಸಿದೋರು ನೀವಲ್ವಾ?"

ಆ ಹೆಂಗಸಿನ ಮುಖ ಇಳಿದುಹೋಯಿತು. "ಎಷ್ಟು ಧೂಳು ಗೊತ್ತಾ ಮೇಡಂ," ಎಂದರು. "ಅವರು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದ ಕೆಲಸ. ಒಬ್ಬರೂ ಒರೆಸಿರ್ಲಿಲ್ಲ."

ಹಾಸಿಗೆಯ ಪಕ್ಕ ತೇಗು ಡಬ್ಬಿ ಹಸಿರು ದೀಪ ಹಚ್ಚಿಕೊಂಡು ಬ್ಯಾಟರಿಗೆ ಉಣಿಸುತ್ತಿತ್ತು. ಅದರ ಪಕ್ಕದಲ್ಲೇ ಪ್ರಿಂಟರ್, ಗುಂಡಿಗಳು ಒಂದೊಂದೂ ದೊಡ್ಡ ಬೊಟ್ಟಿನಷ್ಟು. ಸಾಮಾನು ತಲುಪಿಸುವವರು ಕೈಗವಸು ಹಾಕಿಕೊಂಡೇ ಒತ್ತಿ ರಸೀದಿ ಕೊಡಲಿ ಎಂದು ಮಾಡಿದ್ದಂತೆ. ಅಷ್ಟು ದೊಡ್ಡ ಗುಂಡಿಯಾದರೆ ನಡುಗುವ ಬೆರಳಿಗೂ ಸಿಗುತ್ತದೆ. ಆದರೆ ಅದರ ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿತ್ತು, ಅದನ್ನು ಎಬ್ಬಿಸಲು ತೇಗು ಡಬ್ಬಿಯೇ ಬೇಕಿತ್ತು. ಹಾಗಾಗಿ ಆ ಅಮ್ಮ ಎರಡನ್ನೂ ಕದ್ದಿದ್ದರು.

"ಮ್ಯಾನೇಜರನ್ನ ಕೇಳ್ಬೇಕಿತ್ತು," ಎಂದರು ಮೇಡಂ.

"ಎರಡು ಸಲ ಕೇಳ್ದೆ. ನೋಡೋಣ ಅಂದ್ರು. ಡಾಕ್ಟ್ರು ಬರೋ ವರ್ಷದ ಮಾತೇ ಆಡ್ತಿಲ್ಲ ಮೇಡಂ. ಮ್ಯಾನೇಜರ್ ನೋಡೋ ತನಕ ನಾನು ಕಾಯೋಕಾಗುತ್ತಾ?"

ಅಷ್ಟರಲ್ಲಿ ಗಾಲಿಕುರ್ಚಿ ಬಾಗಿಲಿಗೆ ಬಂದಿತ್ತು. ಮುದುಕರು ಪ್ರಿಂಟರಿಗೆ ಕೈ ಚಾಚಿದರು. ಕಾಮೆಂಟ್ರಿ ಎತ್ತಿ ಮಡಿಲಿಗಿಟ್ಟ. ಒಂದೊಂದೇ ಗುಂಡಿ ಒತ್ತಿದರು. ಬೆರಳುದ್ದದ ಕಾಗದದ ಪಟ್ಟಿ ಕಿರ್ರೆಂದು ಹೊರಬಂತು: "ಕದ್ದವನು ನಾನು. ಅವಳಿಗೆ ಗೊತ್ತಿಲ್ಲ."

"ಅಯ್ಯೋ ನಿಮ್ಮ! ಸುಮ್ನಿರಿ ಅಂದ್ರೆ," ಎಂದು ಹೆಂಡತಿ ಗದರಿದರು. "ಕಂಬಳಿ ಕೆಳಗೆ ಇವರ ಮಡಿಲಲ್ಲಿಟ್ಟು ತಂದೆ ಮೇಡಂ. ಕಂಪನಿಯೋರು ಕೊಟ್ಟ ಉಡುಗೊರೆ ಅಂದೆ, ನಂಬಿದ್ರು. ಮೇಲಾಗಿ ನಿದ್ದೆಗಣ್ಣಿನಲ್ಲಿದ್ರು."

"ಸಾರ್, ನೀವು ಎಷ್ಟು ಸ್ಕ್ರೂ ಬಿಚ್ಚಿದ್ರಿ?"

"ನಾಲ್ಕು," ಎಂದಿತು ಪಟ್ಟಿ.

"ಆರು!" ಎಂದರು ಹೆಂಡತಿ, ಗೆದ್ದವರಂತೆ. ಆಮೇಲೆ ತಾವು ಗೆದ್ದದ್ದೇನು ಎಂಬುದು ಅರಿವಾಗಿ ಬಾಯಿಗೆ ಸೆರಗು ಒತ್ತಿಕೊಂಡರು.

ಮೇಡಂ ಪ್ರಶ್ನೆ ಮುಂದುವರಿಸಬೇಕಿತ್ತು. ಆದರೆ ತನಿಖೆಗೆ ಸಂಬಂಧವೇ ಇಲ್ಲದ್ದೊಂದು ಬಾಯಿಂದ ಬಂದುಬಿಟ್ಟಿತು. "ಮೆಷೀನು ಎದ್ದ ಮೇಲೆ ಮೊದಲು ಏನಂದ್ರು?"

"ಏನಂದ್ರಾ? ನಾನು ಏನೇನೋ ಅಂದ್ಕೊಂಡು ಕಣ್ಣೀರು ಒರೆಸ್ಕೊಂಡು ಕೂತಿದ್ದೆ. 'ಆರು ತಿಂಗಳಿಂದ ಊಟಕ್ಕೆ ಉಪ್ಪು ಕಮ್ಮಿ' ಅಂದ್ರು! ಪಾಪ, ದಿನಾ ಕೈಸನ್ನೆ ಮಾಡೋರು, ನಾನು ನೀರು ತಂದು ಕುಡಿಸ್ತಿದ್ದೆ." ನಕ್ಕರು, ಅತ್ತರು, ಎರಡೂ ಒಟ್ಟಿಗೇ. "ಈ ತೇಗಿನ ಉಪಾಯ ಇವರಿಗೆ ಹೊಳೆದಿದ್ದು ಹ್ಯಾಗೆ ಗೊತ್ತಾ? ನಾನು ಮಗೂಗೆ ಹಾಲು ಕುಡಿಸಿ, ಭುಜಕ್ಕೆ ಹಾಕ್ಕೊಂಡು ಬೆನ್ನು ತಟ್ತಿದ್ದೆ. ನೋಡಿ ನೋಡಿ, 'ಬ್ಯಾಟರಿಗೂ ಹೀಗೇ ಮಾಡ್ಬೇಕು ಕಣೇ, ಬರೀ ತುರುಕಿದ್ರೆ ಕಕ್ಕುತ್ತೆ' ಅಂತ ಎದ್ದು ಓಡಿದ್ರು. ಈಗ ಇದನ್ನ ತಗೊಂಡ್ ಹೋದ್ರೆ ಅವರ ಬಾಯಿ ಮತ್ತೆ ಮುಚ್ಚುತ್ತೆ. ನನ್ನ ಜೈಲಿಗೆ ಹಾಕಿ ಮೇಡಂ, ಡಬ್ಬಿ ಬಿಟ್ಟುಬಿಡಿ."

ಮೇಡಂ ಮನೆಯಲ್ಲಿ ಗಂಡ ಹೆಂಡಿರ ಮಾತುಕತೆಯೆಲ್ಲ ಮೊಬೈಲಿನಲ್ಲೇ ಮುಗಿಯುತ್ತಿತ್ತು: ಹಾಲು ತಾ, ಗ್ಯಾಸ್ ಖಾಲಿ, ಲೇಟಾಗುತ್ತೆ. ಈ ಇಬ್ಬರನ್ನು ನೋಡಿ ಅವರಿಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಆದರೆ ಕಳವು ಕಳವೇ. ಕದ್ದ ಮಾಲನ್ನು ಕಂಡೂ ಬಿಟ್ಟು ಬಂದರೆ ತಮ್ಮ ಖಾಕಿಗೆ ಅರ್ಥವಿಲ್ಲ. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ನಾಲ್ಕು ಗಂಟೆಗೆ ಜಪ್ತಿ ಪಂಚನಾಮೆ ಆಯಿತು. ನಾಲ್ಕೂ ಇಪ್ಪತ್ತಕ್ಕೆ ಹೆಂಡತಿಯನ್ನು ದಸ್ತಗಿರಿ ಮಾಡಿದ್ದಾಗಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಹೊರಡುವಾಗ ಆಕೆ ಒಲೆ ಆರಿದೆಯಾ ಎಂದು ಎರಡು ಸಲ ನೋಡಿ ಬಂದರು. ಎರಡು ಬೀದಿ ಆಚೆಯಿದ್ದ ಮಗಳು ಓಡಿಬಂದು, ಠಾಣೆಯಲ್ಲೇ ಜಾಮೀನು ಕೊಟ್ಟು, ಅಮ್ಮನನ್ನು ಬೈಯುತ್ತಾ ತಬ್ಬಿಕೊಂಡು ಮನೆಗೆ ಕರೆದುಕೊಂಡು ಹೋದಳು.

ಚಾರ್ಜರ್ ಮತ್ತು ಪ್ರಿಂಟರ್ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಹಾಕಿಸಿಕೊಂಡು ಠಾಣೆಯ ಬೀರು ಸೇರಿದವು. ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿ, ಮಾಲು ಯಾವಾಗ ವಾಪಸ್ ಎಂದು ಕೇಳಿದರು. ಹೌದು, ಆ ಅಮ್ಮ ಎರಡು ಸಲ ಬಂದಿದ್ದರು, ಕೆಲಸದ ಗಡಿಬಿಡಿಯಲ್ಲಿ ಮರೆತೇಹೋಗಿತ್ತು ಎಂದೂ ಒಪ್ಪಿಕೊಂಡರು. ಮೇಡಂ ಫೋನ್ ಇಟ್ಟು, ಕಡತ ತೆಗೆದು, ಆಗಬೇಕಾದ ಕೆಲಸಗಳನ್ನು ನೋಡಿದರು. ದೂರುದಾರರ ಹೇಳಿಕೆ ಆಗಿತ್ತು. ಪಂಚರದು ಆಗಿತ್ತು. ಮುಖ್ಯ ಸಾಕ್ಷಿ, ಅಂದರೆ ಎಂಜಿನಿಯರರ ಹೇಳಿಕೆ ಬಾಕಿಯಿತ್ತು.

"ಏ ಕಾಮೆಂಟ್ರಿ, ಮಾತು ಬಾರದ ಸಾಕ್ಷಿಯ ಹೇಳಿಕೆ ಹ್ಯಾಗೆ ತಗೋಬೇಕು?"

"ಅವರಿಗೆ ಹ್ಯಾಗೆ ತಿಳಿಸೋಕಾಗುತ್ತೋ ಹಾಗೆ ಮೇಡಂ. ಬರಹ, ಸನ್ನೆ..." ಎಂದವನು ಬಾಯಿ ತೆರೆದುಕೊಂಡೇ ನಿಂತ. "ಮೇಡಂ!"

"ಕಿರುಚಬೇಡ. ಅರ್ಜಿ ಬರಿ."

ಮಧ್ಯಾಹ್ನ ಮೇಡಂ ನ್ಯಾಯಾಧೀಶರ ಮುಂದೆ ಅರ್ಜಿ ಇಟ್ಟರು. ಸಾಕ್ಷಿ ತಿಳಿಸಬಲ್ಲದ್ದು ಈ ಯಂತ್ರದ ಮೂಲಕ ಮಾತ್ರ. ಅವರು ಠಾಣೆಗೆ ಬರುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ಹೇಳಿಕೆ ಮುಗಿಯುವವರೆಗೆ ಎರಡೂ ಮಾಲನ್ನು ಮುಚ್ಚಳಿಕೆ ಬರೆಸಿಕೊಂಡು ಅವರ ಮನೆಯಲ್ಲೇ ಇಡಲು ಅಪ್ಪಣೆ ಆಗಬೇಕು. ನ್ಯಾಯಾಧೀಶರು ಅರ್ಜಿಯನ್ನೂ ಮೇಡಂ ಮುಖವನ್ನೂ ಒಂದೊಂದು ಸಲ ನೋಡಿ, ಸಹಿ ಹಾಕಿದರು.

ಹೇಳಿಕೆ ಶುರುವಾಯಿತು. ಕಾಮೆಂಟ್ರಿ ಕಾಗದ ಜೋಡಿಸಿಕೊಂಡು ಗಾಲಿಕುರ್ಚಿಯ ಎದುರು ಕೂತ. ಸಾಕ್ಷಿ ಹೇಳುವಾಗ ಆರೋಪಿ ಅದೇ ಕೋಣೆಯಲ್ಲಿರುವುದು ಸರಿಯಲ್ಲ ಎಂದು ಮೇಡಂ ಆ ಅಮ್ಮನನ್ನು ಅಡುಗೆಮನೆಗೆ ಕಳಿಸಿ, ಬಾಗಿಲನ್ನೂ ಎಳೆದರು. ಮೊದಲ ಪ್ರಶ್ನೆ, ಎಲ್ಲರನ್ನೂ ಕೇಳುವಂಥದ್ದು: "ನಿಮಗೂ ಆರೋಪಿಗೂ ಏನು ಸಂಬಂಧ? ಎಷ್ಟು ಕಾಲದಿಂದ ಪರಿಚಯ?"

ಮುದುಕರು ಪ್ರಿಂಟರನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಬೆರಳು ಗುಂಡಿಗೆ ಹೋಯಿತು. ಪಟ್ಟಿ ಹೊರಬರತೊಡಗಿತು, ಮಡಿಲಿಗೆ ಬಿತ್ತು, ಮಡಿಲಿನಿಂದ ನೆಲಕ್ಕೆ ಇಳಿಯಿತು. ಕೈ ನೋವು ಬಂದಾಗ ನಿಲ್ಲಿಸಿದರು.

ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ, ಸರಿಯೆಂದು ಒಪ್ಪಿಸಿಕೊಳ್ಳಬೇಕು, ಅದು ನಿಯಮ. ಕಾಮೆಂಟ್ರಿ ಗಂಟಲು ಸರಿಮಾಡಿಕೊಂಡ.

"ಆರೋಪಿಯನ್ನು ನಾನು ಮೊದಲು ನೋಡಿದ್ದು ರಿಪೇರಿ ಅಂಗಡಿಯಲ್ಲಿ. ಅವರ ಅಪ್ಪನ ಟಾರ್ಚು ತಂದಿದ್ದರು. ಟಾರ್ಚಿಗೆ ಏನೂ ಆಗಿರಲಿಲ್ಲ, ಬ್ಯಾಟರಿ ತಿರುಗುಮುರುಗು ಹಾಕಿದ್ದರು. ಅದನ್ನು ಹೇಳಿದರೆ ಆಗಲೇ ಹೊರಟುಹೋಗುತ್ತಾರೆ ಅಂತ, ದೊಡ್ಡ ರಿಪೇರಿ ಇದೆ, ನಾಳೆ ಬನ್ನಿ ಅಂದೆ. ನಾಳೆಯೂ ಹಾಗೆಯೇ ಅಂದೆ. ನೀಲಿ ಕೊಡೆ ಹಿಡಿದು ದಿನಾ ಬರುತ್ತಿದ್ದರು."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತುಹೋಗಿತ್ತು.

"ಏನೂ ಆಗಿರ್ಲಿಲ್ವಾ!" ಬಾಗಿಲ ಆಚೆಯಿಂದ ದನಿ ಬಂತು. "ಇಷ್ಟು ವರ್ಷ ಬಾಯಿ ಇದ್ದಾಗ ಒಂದು ದಿನ ಹೇಳ್ಲಿಲ್ಲವಲ್ರೀ! ಮತ್ತೆ ಕೊಡೆ ನೀಲಿ ಅಲ್ಲ, ಹಸಿರು!"

"ಮೇಡಂ, ಆರೋಪಿ ಸಾಕ್ಷಿಗೆ ಅಡ್ಡಿಪಡಿಸ್ತಿದ್ದಾರೆ. ಬರ್ಕೊಳ್ಳಾ?"

"ಬೀದಿಯಲ್ಲಿ ಗಲಾಟೆ ಅಂತ ಬರಿ," ಎಂದರು ಮೇಡಂ. ಮುದುಕರ ಭುಜ ಕುಲುಕುತ್ತಿತ್ತು. ಸದ್ದಿಲ್ಲದ ನಗು ಹೇಗಿರುತ್ತದೆಂದು ಮೇಡಂ ಅವತ್ತು ನೋಡಿದರು.

ಅಂದಿನಿಂದ ದಿನವೂ ಮಧ್ಯಾಹ್ನ ಅಷ್ಟಷ್ಟೇ. ಪಂದ್ಯ ಇದ್ದ ದಿನವೂ ಕಾಮೆಂಟ್ರಿ ತಪ್ಪಿಸಲಿಲ್ಲ. ಮೇಡಂ ತಮ್ಮ ಕಡತದಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಲಾಭ ಎಂದು ಬರೆದು ಹೊಡೆದುಹಾಕಿ, ದ್ವೇಷ ಎಂಬುದು ಹೊಂದದೆ, ಕೊನೆಗೆ ಹೀಗೆ ಬರೆದರು: ಆರೋಪಿಗೆ ತನ್ನ ಗಂಡ ಮಾತಾಡುವುದನ್ನು ಕೇಳಬೇಕಿತ್ತು.

ತಿಂಗಳ ಕೊನೆಗೆ ಮ್ಯಾನೇಜರ್ ಮತ್ತೆ ಫೋನ್ ಮಾಡಿದರು. "ಮೇಡಂ, ನಂದು ಒಂದೇ ಪುಟದಲ್ಲಿ ಮುಗೀತು. ಅವರ ಹೇಳಿಕೆ ಇನ್ನೂ ಎಲ್ಲಿಗೆ ಬಂತು?"

ಮೇಡಂ ಅವತ್ತಿನ ಪುಟ ತಿರುಗಿಸಿ ನೋಡಿದರು.

"ಇನ್ನೂ ಮದುವೆನೇ ಆಗಿಲ್ಲ ಸಾರ್," ಎಂದರು.